ಸೈಪ್ರಸ್‌ನಲ್ಲಿ ಮನೆ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ: 1974ರಲ್ಲಿ ಈ ಜಾಗ ಯಾರದಾಗಿತ್ತು?

ಸೈಪ್ರಸ್ ದ್ವೀಪದ ಉತ್ತರ ತೀರದ ಕೈರೀನಿಯಾದಲ್ಲೂ ದಕ್ಷಿಣದ ಲಾರ್ನಾಕಾದಲ್ಲೂ ಸಮುದ್ರ ಕಾಣುವ ಫ್ಲ್ಯಾಟುಗಳ ಜಾಹೀರಾತು ಒಂದೇ ಥರ ಇರುತ್ತದೆ. ಅದೇ ನೀಲಿ ನೀರು, ಅದೇ ಬಿಸಿಲು, ಅದೇ ಈಜುಕೊಳ. ಬೆಲೆ ಮಾತ್ರ ಬೇರೆ. ಉತ್ತರದ್ದು ಅಗ್ಗ, ಕಂತುಗಳೂ ಸಲೀಸು. ಐವತ್ತು ವರ್ಷ ದಾಟಿದರೂ ಬಗೆಹರಿಯದ ಒಂದು ರಾಜಕೀಯ ವ್ಯಾಜ್ಯ ಆ ಅಗ್ಗದ ಬೆಲೆಯೊಳಗೆ ಕೂತಿದೆ.

ಬೇರೆ ದೇಶಗಳಲ್ಲಿ ರಾಜಕೀಯ ಸ್ಥಿರತೆ ಅಂದರೆ ಸರ್ಕಾರ ಎಷ್ಟು ಕಾಲ ನಿಲ್ಲುತ್ತದೆ, ತೆರಿಗೆ ಏರುತ್ತದೆಯೇ ಎಂದು ನೋಡುತ್ತೇವೆ. ಸೈಪ್ರಸ್‌ನಲ್ಲಿ ಅದು ಪ್ಲಾಟ್ ಸಂಖ್ಯೆಯ ಮಟ್ಟಕ್ಕೆ ಇಳಿದಿದೆ. ಒಂದು ಪ್ಲಾಟಿನ ಹಕ್ಕು ಪಕ್ಕಾ ಇದ್ದು ಅದಕ್ಕೆ ಅಂಟಿಕೊಂಡ ಪ್ಲಾಟು ಇನ್ನೊಬ್ಬರ ವಾರಸುದಾರರ ಹೆಸರಿನಲ್ಲಿರಬಹುದು. ಹಾಗಾಗಿ ಇಲ್ಲಿ ಇತಿಹಾಸ ಓದುವುದು ಹವ್ಯಾಸವಲ್ಲ, ಕಾಗದಪತ್ರ ಪರಿಶೀಲನೆಯ ಮೊದಲ ಕೆಲಸ. ಈ ಮಾರ್ಗದರ್ಶಿ ಮುಖ್ಯವಾಗಿ ಐರೋಪ್ಯ ಒಕ್ಕೂಟದ ಪ್ರಜೆಗಳಲ್ಲದ ಖರೀದಿದಾರರಿಗಾಗಿ.

1. ಮೊದಲು ನಾಲ್ಕು ತಾರೀಖು ತಿಳಿದುಕೊಳ್ಳಿ

1960ರ ಆಗಸ್ಟ್ 16ರಂದು ಸೈಪ್ರಸ್ ಬ್ರಿಟನ್ನಿನಿಂದ ಸ್ವತಂತ್ರವಾಯಿತು. ಸಂವಿಧಾನದ ಪ್ರಕಾರ ಅಧ್ಯಕ್ಷರು ಗ್ರೀಕ್ ಸೈಪ್ರಿಯಟ್, ಉಪಾಧ್ಯಕ್ಷರು ತುರ್ಕಿ ಸೈಪ್ರಿಯಟ್. ಸಂಸತ್ತಿನಲ್ಲೂ ಸರ್ಕಾರಿ ನೌಕರಿಯಲ್ಲೂ 70ಕ್ಕೆ 30ರ ಹಂಚಿಕೆ. ಬ್ರಿಟನ್, ಗ್ರೀಸ್, ತುರ್ಕಿ ಮೂರೂ ಖಾತರಿದಾರ ದೇಶಗಳು. ಈ ಏರ್ಪಾಡು ಮೂರೇ ವರ್ಷದಲ್ಲಿ ಕುಸಿಯಿತು. 1963ರ ಡಿಸೆಂಬರಿನಲ್ಲಿ ಎರಡು ಸಮುದಾಯಗಳ ನಡುವೆ ಹಿಂಸಾಚಾರ ಶುರುವಾಗಿ, ತುರ್ಕಿ ಸೈಪ್ರಿಯಟರು ಸರ್ಕಾರದಿಂದ ಹೊರಗಾದರು. 1964ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೆ ಮಂಜೂರಾತಿ ಸಿಕ್ಕಿತು. ಆ ಪಡೆ ಇಂದಿಗೂ ಅಲ್ಲೇ ಇದೆ.

1974ರ ಜುಲೈ 15ರಂದು ಗ್ರೀಸಿನ ಸೇನಾಡಳಿತದ ಬೆಂಬಲದಲ್ಲಿ ಅಧ್ಯಕ್ಷ ಮಕಾರಿಯೋಸರ ವಿರುದ್ಧ ಕ್ಷಿಪ್ರಕ್ರಾಂತಿ ನಡೆಯಿತು. ಐದು ದಿನಕ್ಕೆ, ಜುಲೈ 20ರಂದು, ತುರ್ಕಿ ಸೇನೆ ಇಳಿಯಿತು. ಆಗಸ್ಟ್ 14ರ ಎರಡನೇ ಸುತ್ತಿನ ಕಾರ್ಯಾಚರಣೆ ಮುಗಿಯುವ ಹೊತ್ತಿಗೆ ದ್ವೀಪದ ಮೂರನೇ ಒಂದಕ್ಕಿಂತ ಹೆಚ್ಚು ಭಾಗ ಅದರ ಹಿಡಿತದಲ್ಲಿತ್ತು. ಲಕ್ಷಕ್ಕೂ ಮಿಕ್ಕಿದ ಗ್ರೀಕ್ ಸೈಪ್ರಿಯಟರು ಮನೆ, ತೋಟ, ಅಂಗಡಿ ಬಿಟ್ಟು ದಕ್ಷಿಣಕ್ಕೆ ಬಂದರು. ಹತ್ತಾರು ಸಾವಿರ ತುರ್ಕಿ ಸೈಪ್ರಿಯಟರು ತಮ್ಮದನ್ನು ಬಿಟ್ಟು ಉತ್ತರಕ್ಕೆ ಹೋದರು. ನಡುವೆ ಸುಮಾರು 180 ಕಿಲೋಮೀಟರ್ ಉದ್ದದ ತಟಸ್ಥ ವಲಯ ಉಳಿಯಿತು. ಆ ಜನರ ಹಕ್ಕುಪತ್ರಗಳು ಸುಟ್ಟುಹೋಗಲಿಲ್ಲ, ರದ್ದಾಗಲೂ ಇಲ್ಲ. ಇಂದಿನ ಎಲ್ಲ ಆಸ್ತಿ ವ್ಯಾಜ್ಯಗಳ ಬೇರು ಇದೇ.

1983ರ ನವೆಂಬರ್ 15ರಂದು ಉತ್ತರ ಭಾಗ ತಾನು ಪ್ರತ್ಯೇಕ ಗಣರಾಜ್ಯವೆಂದು ಘೋಷಿಸಿಕೊಂಡಿತು. ಭದ್ರತಾ ಮಂಡಳಿಯ 541ನೇ ನಿರ್ಣಯ ಆ ಘೋಷಣೆಗೆ ಕಾನೂನಿನ ಬೆಲೆಯಿಲ್ಲ ಎಂದಿತು. ಇವತ್ತಿಗೂ ಅದನ್ನು ದೇಶವೆಂದು ಮಾನ್ಯ ಮಾಡಿರುವುದು ತುರ್ಕಿ ಒಂದೇ.

2004ರ ಏಪ್ರಿಲ್ 24ರಂದು ಮತ್ತೆ ಒಂದಾಗುವ ವಿಶ್ವಸಂಸ್ಥೆಯ ಯೋಜನೆ, ಅಂದರೆ ಅನ್ನಾನ್ ಯೋಜನೆ, ಜನಮತಕ್ಕೆ ಬಂತು. ಉತ್ತರದಲ್ಲಿ ಸುಮಾರು ಶೇ 65 ಮಂದಿ ಹೂಂ ಅಂದರು, ದಕ್ಷಿಣದಲ್ಲಿ ಶೇ 76 ಮಂದಿ ಬೇಡ ಅಂದರು. ಒಂದು ವಾರ ಕಳೆದು ಮೇ 1ರಂದು ಸೈಪ್ರಸ್ ಐರೋಪ್ಯ ಒಕ್ಕೂಟ ಸೇರಿತು. ಕಾನೂನಿನ ಕಣ್ಣಿಗೆ ಇಡೀ ದ್ವೀಪ ಒಕ್ಕೂಟದ ನೆಲ. ಆದರೆ ಸರ್ಕಾರದ ಹಿಡಿತವಿಲ್ಲದ ಉತ್ತರದಲ್ಲಿ ಒಕ್ಕೂಟದ ಕಾನೂನು ಅಮಾನತಿನಲ್ಲಿದೆ. ಈ ವಾಕ್ಯವನ್ನು ಎರಡು ಸಲ ಓದಿ. ಮುಂದೆ ಬರುವ ಮುಕ್ಕಾಲು ಪಾಲು ತೊಡಕುಗಳು ಇದರಿಂದಲೇ ಹುಟ್ಟುತ್ತವೆ.

2. ಜಾಹೀರಾತಿನ ಊರನ್ನು ನಕ್ಷೆಯಲ್ಲಿ ಗುರುತಿಸಿ

ದಲ್ಲಾಳಿಗಳು “ಉತ್ತರ” ಎಂಬ ಮಾತನ್ನೇ ಬಿಟ್ಟು “ಮೆಡಿಟರೇನಿಯನ್ ದ್ವೀಪ” ಎಂದಷ್ಟೇ ಹೇಳುವುದುಂಟು. ಊರಿನ ಹೆಸರು ಕೇಳಿ. ಅದೇ ಊರಿಗೆ ಎರಡು ಹೆಸರಿರುತ್ತದೆ: ಕೈರೀನಿಯಾ ತುರ್ಕಿ ಭಾಷೆಯಲ್ಲಿ ಗಿರ್ನೆ, ಫಾಮಗುಸ್ಟಾ ಗಾಜಿಮಗುಸಾ, ಮೋರ್ಫು ಗ್ಯೂಜೆಲ್‌ಯುರ್ಟ್, ಲಾಪಿಥೋಸ್ ಲಾಪ್ತಾ, ಟ್ರಿಕೋಮೋ ಇಸ್ಕೆಲೆ. ತುರ್ಕಿ ಹೆಸರು, ಬ್ರಿಟಿಷ್ ಪೌಂಡಿನಲ್ಲಿ ಬೆಲೆ, ಎರ್ಜಾನ್ ವಿಮಾನ ನಿಲ್ದಾಣದಿಂದ ದೂರ ಇಷ್ಟು ಎಂಬ ವಿವರ, ಈ ಮೂರರಲ್ಲಿ ಯಾವುದು ಕಂಡರೂ ಅದು ಉತ್ತರದ ಆಸ್ತಿ. ದಕ್ಷಿಣದಲ್ಲಿ 2008ರಿಂದ ಯೂರೋ ಚಲಾವಣೆಯಲ್ಲಿದೆ; ವಿಮಾನ ನಿಲ್ದಾಣಗಳು ಲಾರ್ನಾಕಾ ಮತ್ತು ಪಾಫೋಸ್.

ಜಾಗ ನೋಡಲು ಹೋಗುವಾಗಲೂ ಎಚ್ಚರ ಬೇಕು. ಇಸ್ತಾಂಬುಲ್ ಮೂಲಕ ಎರ್ಜಾನಿಗೆ ಇಳಿದರೆ ಸೈಪ್ರಸ್ ಗಣರಾಜ್ಯದ, ಅಂದರೆ ದಕ್ಷಿಣದ ಮಾನ್ಯ ಸರ್ಕಾರದ, ಲೆಕ್ಕದಲ್ಲಿ ಅದು ಅಕ್ರಮ ಪ್ರವೇಶ. ಐರೋಪ್ಯ ಪಾಸ್‌ಪೋರ್ಟ್ ಇಲ್ಲದವರನ್ನು ಅಲ್ಲಿಂದ ದಕ್ಷಿಣಕ್ಕೆ ದಾಟಲು ಬಿಡದೇ ಇರಬಹುದು. ಎರಡೂ ಕಡೆ ನೋಡುವ ಆಸೆಯಿದ್ದರೆ ಲಾರ್ನಾಕಾ ಅಥವಾ ಪಾಫೋಸಿನಲ್ಲಿ ಇಳಿದು, 2003ರಿಂದ ತೆರೆದಿರುವ ದಾಟುಗಂಡಿಗಳ ಮೂಲಕ ಹೋಗಿ ಬನ್ನಿ.

3. ಉತ್ತರದ ಹಕ್ಕುಪತ್ರಗಳ ಜಾತಿ ತಿಳಿಯಿರಿ, ಆಮೇಲೆ ದೂರ ಉಳಿಯಿರಿ

ಹಕ್ಕುಪತ್ರಕ್ಕೆ ತುರ್ಕಿಯಲ್ಲಿ “ಕೋಚಾನ್” ಎನ್ನುತ್ತಾರೆ. ಅದೇ ಮಾತು ಗ್ರೀಕ್ ಸೈಪ್ರಿಯಟರ ಬಾಯಲ್ಲೂ ಚೂರು ಬದಲಾಗಿ ಓಡಾಡುತ್ತದೆ. ಉತ್ತರದಲ್ಲಿ ಮಾರಾಟಕ್ಕೆ ಬರುವ ಕೋಚಾನ್‌ಗಳು ಮೂರು ಬಗೆ.

ಮೊದಲನೆಯದು 1974ಕ್ಕೆ ಮುಂಚೆಯೇ ತುರ್ಕಿ ಸೈಪ್ರಿಯಟರ ಅಥವಾ ವಿದೇಶಿಯರ ಹೆಸರಿನಲ್ಲಿದ್ದ ಜಾಗ. ಗಣರಾಜ್ಯದ ರಾಜಧಾನಿ ನಿಕೋಸಿಯಾದ ಭೂದಾಖಲೆಯಲ್ಲೂ ಅದೇ ಮಾಲೀಕರ ಹೆಸರಿರುವುದರಿಂದ ಮೂರರಲ್ಲಿ ವ್ಯಾಜ್ಯ ಕಡಿಮೆ ಇರುವುದು ಇದು. ಎರಡನೆಯದು “ಎಶ್‌ದೆಯರ್”, ಅಂದರೆ ಸಮಬೆಲೆಯ ವಿನಿಮಯ. ದಕ್ಷಿಣದಲ್ಲಿ ಆಸ್ತಿ ಬಿಟ್ಟು ಬಂದ ತುರ್ಕಿ ಸೈಪ್ರಿಯಟರಿಗೆ ಅದಕ್ಕೆ ಬದಲಾಗಿ ಗ್ರೀಕ್ ಸೈಪ್ರಿಯಟರ ಜಾಗ ಕೊಟ್ಟದ್ದು. ಮೂರನೆಯದು “ತಹಸಿಸ್”, ಹಂಚಿಕೆಯ ಜಾಗ. ತುರ್ಕಿಯಿಂದ ಬಂದು ನೆಲೆಸಿದವರಿಗೆ, ಹೋರಾಟದಲ್ಲಿ ಸೇವೆ ಸಲ್ಲಿಸಿದವರಿಗೆ ಆಡಳಿತ ಕೊಟ್ಟಿದ್ದು. ಇದರ ಹಿಂದೆ ವಿನಿಮಯವೂ ಇಲ್ಲ. ಎರಡನೆಯ ಮತ್ತು ಮೂರನೆಯ ಬಗೆಯಲ್ಲಿ ಮೂಲ ಮಾಲೀಕರು ಅಥವಾ ಅವರ ಮಕ್ಕಳು ದಕ್ಷಿಣದಲ್ಲಿದ್ದಾರೆ. ಗಣರಾಜ್ಯದ ಭೂದಾಖಲೆಯಲ್ಲಿ ಜಾಗ ಇವತ್ತಿಗೂ ಅವರದೇ.

ಮಾರುವವರು ಒಂದು ತೀರ್ಪನ್ನು ಮುಂದಿಡುತ್ತಾರೆ: “2010ರಲ್ಲಿ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯವೇ ನಮ್ಮ ಆಸ್ತಿ ಆಯೋಗವನ್ನು ಒಪ್ಪಿದೆ.” ಮಾತಿನಲ್ಲಿ ಅರ್ಧ ಸತ್ಯವಿದೆ. ಮೂಲ ಮಾಲೀಕರು ಆ ನ್ಯಾಯಾಲಯವಿರುವ ಸ್ಟ್ರಾಸ್‌ಬರ್ಗಿಗೆ ಬರುವ ಮುನ್ನ ಉತ್ತರದ ಸ್ಥಿರಾಸ್ತಿ ಆಯೋಗದಲ್ಲಿ ಅರ್ಜಿ ಹಾಕಬೇಕು, ಅದು ತಕ್ಕ ಪರಿಹಾರದ ದಾರಿ ಎಂದು ಆ ನ್ಯಾಯಾಲಯ ಹೇಳಿತು. ಆ ಜಾಗದಲ್ಲಿ ಈಗ ಇರುವವರ ಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಎಂದೂ ಹೇಳಿತು. ನೀವು ಕೊಂಡ ಕೋಚಾನ್ ಸಿಂಧು ಎಂದು ಎಲ್ಲೂ ಹೇಳಲಿಲ್ಲ. ಆಯೋಗದಲ್ಲಿ ಪರಿಹಾರ ಮಂಜೂರಾಗಿ ಹಣ ಪಾವತಿಯಾಗಿದ್ದರೆ ಆ ಒಂದು ಪ್ಲಾಟಿನ ಚಿತ್ರ ಬದಲಾಗುತ್ತದೆ. ಪಾವತಿಯಾದ ದಾಖಲೆ ತೋರಿಸಿ ಎಂದು ಕೇಳಿ ನೋಡಿ, ಮಾತು ಬೇರೆ ಕಡೆ ಹೊರಳುತ್ತದೆ.

ಅದಕ್ಕೆ ಒಂದು ವರ್ಷ ಹಿಂದಿನ, 2009ರ ಏಪ್ರಿಲ್ 28ರ ತೀರ್ಪನ್ನು ಅವರು ಹೇಳುವುದಿಲ್ಲ. ಲಾಪಿಥೋಸಿನಲ್ಲಿ ಬ್ರಿಟಿಷ್ ದಂಪತಿ ಜಾಗ ಕೊಂಡು ವಿಲ್ಲಾ ಕಟ್ಟಿಸಿದ್ದರು. ಮೂಲ ಮಾಲೀಕರು ನಿಕೋಸಿಯಾದಲ್ಲಿ ದಾವೆ ಹೂಡಿದಾಗ, ಕಟ್ಟಡ ಕೆಡವಿ ಜಾಗ ಬಿಟ್ಟುಕೊಡಬೇಕು, ಬಳಸಿದ್ದಕ್ಕೆ ಹಣ ಕೊಡಬೇಕು ಎಂದು ತೀರ್ಪಾಯಿತು. ಆ ತೀರ್ಪನ್ನು ಉತ್ತರದಲ್ಲಿ ಜಾರಿ ಮಾಡುವುದು ಸಾಧ್ಯವಿರಲಿಲ್ಲ. ಆದರೆ ಅದನ್ನು ಒಕ್ಕೂಟದ ಬೇರೆ ದೇಶಗಳು ಮಾನ್ಯ ಮಾಡಲೇಬೇಕು ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ ಹೇಳಿತು. 2010ರ ಜನವರಿಯಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಜಾರಿಗೆ ಒಪ್ಪಿತು. ಅಂದರೆ ಉತ್ತರದ ವಿಲ್ಲಾಕ್ಕಾಗಿ ಅವರು ಇಂಗ್ಲೆಂಡಿನಲ್ಲಿ ಹೊಂದಿದ್ದ ಆಸ್ತಿಗೆ ಕುತ್ತು ಬಂತು. ಬ್ರಿಟನ್ ಈಗ ಒಕ್ಕೂಟದ ಹೊರಗಿದೆ, ನಿಜ. ಆದರೆ ಜರ್ಮನಿಯಲ್ಲೋ ಪೋರ್ಚುಗಲ್‌ನಲ್ಲೋ ನಿಮ್ಮ ಖಾತೆ, ಮನೆ ಇದ್ದರೆ ಈ ಮಾತು ಇವತ್ತಿಗೂ ಅನ್ವಯ.

ಇನ್ನು ಕ್ರಿಮಿನಲ್ ಮಗ್ಗುಲು. 2006ರಲ್ಲಿ ಸೈಪ್ರಸ್ ದಂಡ ಸಂಹಿತೆಗೆ ಸೇರಿದ 303ಎ ಕಲಮಿನ ಪ್ರಕಾರ, ಬೇರೆಯವರ ಸ್ಥಿರಾಸ್ತಿಯನ್ನು ಮೋಸದ ಉದ್ದೇಶದಿಂದ ಮಾರುವುದು, ಬಾಡಿಗೆಗೆ ಕೊಡುವುದು, ಅದಕ್ಕೆ ಜಾಹೀರಾತು ನೀಡುವುದು ಅಪರಾಧ. ಶಿಕ್ಷೆ 7 ವರ್ಷದವರೆಗೆ. ಬಹಳ ಕಾಲ ಇದು ಪುಸ್ತಕದಲ್ಲೇ ಇತ್ತು. 2023ರ ಕೊನೆಯಲ್ಲಿ ಯುರೋಪಿಯನ್ ಬಂಧನ ವಾರಂಟಿನ ಮೇಲೆ ವಕೀಲರೊಬ್ಬರನ್ನು ಇಟಲಿಯಲ್ಲಿ ಹಿಡಿದ ಮೇಲೆ, 2024 ಮತ್ತು 2025ರಲ್ಲಿ ಉತ್ತರದ ಜಾಗ ಮಾರುತ್ತಿದ್ದ ವಿದೇಶಿ ಡೆವಲಪರ್, ಏಜೆಂಟರ ಬಂಧನಗಳಾದವು, ಜೈಲು ಶಿಕ್ಷೆಗಳೂ ಆದವು. ಈವರೆಗೆ ಹೆಚ್ಚಾಗಿ ಸಿಕ್ಕಿಬಿದ್ದವರು ಮಾರುವವರು. ಆದರೆ ಇಂದು ಕೊಂಡವರು ನಾಳೆ ಮಾರಬೇಕಾದವರೇ ತಾನೇ? ಮಾರಲು ಗಿರಾಕಿ ಹುಡುಕುವ ದಿನ ನೀವೂ ಆ ಕಲಮಿನ ಎದುರು ನಿಲ್ಲುತ್ತೀರಿ. ಬೆಲೆ ಎಷ್ಟೇ ಆಕರ್ಷಕವಾಗಿದ್ದರೂ ವಿನಿಮಯದ ಮತ್ತು ಹಂಚಿಕೆಯ ಕೋಚಾನಿಗೆ ಕೈ ಹಾಕಬೇಡಿ ಎಂಬುದೇ ನಮ್ಮ ಖಚಿತ ಸಲಹೆ.

4. ದಕ್ಷಿಣದಲ್ಲೂ 1974 ಇದೆ

ದಕ್ಷಿಣಕ್ಕೆ ಬಂದ ಕೂಡಲೇ ನೆಮ್ಮದಿ ಎಂದುಕೊಳ್ಳುವವರೇ ಹೆಚ್ಚು. ಉತ್ತರಕ್ಕೆ ಹೋದ ತುರ್ಕಿ ಸೈಪ್ರಿಯಟರು ಬಿಟ್ಟ ಮನೆ, ಹೊಲಗಳು ಇಲ್ಲೂ ಇವೆ. 1991ರ 139ನೇ ಕಾನೂನಿನಡಿ ಅವು ಗೃಹ ಸಚಿವಾಲಯದ ಕೆಳಗಿರುವ “ತುರ್ಕಿ ಸೈಪ್ರಿಯಟ್ ಆಸ್ತಿಗಳ ಪಾಲಕ”ರ ವಶದಲ್ಲಿವೆ. ಸ್ಥಳಾಂತರಗೊಂಡ ಗ್ರೀಕ್ ಸೈಪ್ರಿಯಟರಿಗೆ ಅವನ್ನು ಬಳಸಲು ಕೊಟ್ಟಿದ್ದಾರೆ, ಒಡೆತನ ಕೊಟ್ಟಿಲ್ಲ. ಪಾಫೋಸ್, ಲಾರ್ನಾಕಾ, ಲಿಮಾಸೋಲ್ ಜಿಲ್ಲೆಗಳ ಹಳೆಯ ಹಳ್ಳಿಗಳಲ್ಲಿ ಕಲ್ಲಿನ ಗೋಡೆಯ ಚಂದದ ಹಳೇ ಮನೆ ಅಗ್ಗಕ್ಕೆ ಬಂತೆಂದರೆ ಮೊದಲು ಇದನ್ನೇ ಕೇಳಿ. ನಿಜವಾದ ತುರ್ಕಿ ಸೈಪ್ರಿಯಟ್ ಮಾಲೀಕರೇ ಲಂಡನ್ನಿನಿಂದ ಬಂದು ಸಹಿ ಹಾಕಲು ಸಿದ್ಧರಿದ್ದರೂ ಪಾಲಕರ ಒಪ್ಪಿಗೆ ಇಲ್ಲದೆ ವರ್ಗಾವಣೆ ಆಗದು.

ಪತ್ತೆ ಮಾಡುವುದು ಕಷ್ಟವಲ್ಲ. ಹಕ್ಕುಪತ್ರದ ಮೇಲೆ ನೋಂದಣಿ ಸಂಖ್ಯೆ ಮತ್ತು ತಾರೀಖು, ಜಿಲ್ಲೆ, ಊರು, ಶೀಟ್, ಪ್ಲಾನ್, ಪ್ಲಾಟ್ ಸಂಖ್ಯೆ, ವಿಸ್ತೀರ್ಣ, ಮಾಲೀಕರ ಪಾಲು ಇಷ್ಟೂ ಇರುತ್ತದೆ. ಪತ್ರ ಗ್ರೀಕ್ ಭಾಷೆಯಲ್ಲಿರುತ್ತದೆ. ಮಾರುವವರು ಕೊಟ್ಟ ಅನುವಾದ ಬೇಡ, ನಿಮ್ಮ ವಕೀಲರಿಂದ ಓದಿಸಿ. ನೋಂದಣಿಯ ತಾರೀಖು ಇತ್ತೀಚಿನದಾಗಿದ್ದರೆ ಅದರ ಹಿಂದಿನ ನೋಂದಣಿ ಯಾರದು, ಅದಕ್ಕೂ ಹಿಂದಿನದು ಯಾರದು ಎಂದು 1974 ದಾಟುವವರೆಗೂ ಹಿಂದಕ್ಕೆ ಹೋಗಲು ಹೇಳಿ. “ಪಾಲು” ಎಂಬಲ್ಲಿ ಪೂರ್ತಿ ಎಂದು ಬರೆದಿರಬೇಕು. ಮೂರರಲ್ಲೊಂದು, ಎಂಟರಲ್ಲೊಂದು ಎಂದಿದ್ದರೆ ಉಳಿದ ಪಾಲುದಾರರು ಗೆರೆಯಾಚೆ ಇರಬಹುದು, ಇಲ್ಲವೇ ಮೂರು ಖಂಡಗಳಲ್ಲಿ ಹಂಚಿಹೋಗಿರಬಹುದು.

ಇನ್ನೆರಡು ಬಗೆಯ ನೆಲವನ್ನು ನಕ್ಷೆಯಲ್ಲೇ ಬೇರ್ಪಡಿಸಿ. ತಟಸ್ಥ ವಲಯದೊಳಗಿನ ಜಾಗಕ್ಕೆ ಪಕ್ಕಾ ಹಕ್ಕುಪತ್ರ ಇದ್ದರೂ ಕಟ್ಟಲು, ಓಡಾಡಲು ವಿಶ್ವಸಂಸ್ಥೆಯ ಪಡೆಯ ಅನುಮತಿ ಬೇಕು. ದ್ವೀಪದ ಸುಮಾರು ಶೇ 3ರಷ್ಟಿರುವ ಅಕ್ರೋಟಿರಿ ಮತ್ತು ಢೆಕೇಲಿಯಾ ನೆಲೆಗಳು 1960ರ ಒಪ್ಪಂದದಂತೆ ಬ್ರಿಟನ್ನಿನ ಸಾರ್ವಭೌಮ ಪ್ರದೇಶ. ಅಲ್ಲಿ ಕಟ್ಟಡದ ನಿಯಮ ಬೇರೆ, ಆಡಳಿತ ಬೇರೆ.

5. ಸರ್ಕಾರ ಎಷ್ಟು ಗಟ್ಟಿ?

ಗಣರಾಜ್ಯದ ಒಳಗಿನ ರಾಜಕೀಯವನ್ನಷ್ಟೇ ಅಳೆದರೆ ಚಿತ್ರ ಸಮಾಧಾನಕರವಾಗಿದೆ. ಪ್ರಧಾನಿ ಹುದ್ದೆಯಿಲ್ಲ, ಅಧ್ಯಕ್ಷರೇ ಸರ್ಕಾರದ ಮುಖ್ಯಸ್ಥರು, ಅವಧಿ 5 ವರ್ಷ. ಸಂಸತ್ತಿನಲ್ಲಿ ಬಹುಮತ ಹೋದರೂ ಸರ್ಕಾರ ಬೀಳುವುದಿಲ್ಲ. ನಿಕೋಸ್ ಕ್ರಿಸ್ತೊಡೌಲಿಡಿಸ್ 2023ರ ಫೆಬ್ರವರಿಯಲ್ಲಿ ಗೆದ್ದು ಮಾರ್ಚ್ 1ರಂದು ಅಧಿಕಾರ ವಹಿಸಿಕೊಂಡರು. ಮುಂದಿನ ಅಧ್ಯಕ್ಷೀಯ ಚುನಾವಣೆ 2028ರಲ್ಲಿ. ಸಂಸತ್ತಿನ 80 ಸ್ಥಾನಗಳಲ್ಲಿ ತುರ್ಕಿ ಸೈಪ್ರಿಯಟರಿಗೆ ಮೀಸಲಾದ 24 ಇಂದಿಗೂ ಖಾಲಿ, 56ರಲ್ಲೇ ಕಲಾಪ ನಡೆಯುತ್ತದೆ. ಬಲಪಂಥದ ಡಿಸಿ (DISY), ಎಡಪಂಥದ ಅಕೆಲ್ ಎರಡೂ ಅಧಿಕಾರ ನಡೆಸಿದ ಪಕ್ಷಗಳೇ. ವಿದೇಶಿ ಖರೀದಿದಾರರ ಆಸ್ತಿಯನ್ನು ಕಿತ್ತುಕೊಂಡ ಇತಿಹಾಸ ಯಾರಿಗೂ ಇಲ್ಲ. 2024ರ ಕೊನೆಗೆ ಮೂರೂ ದೊಡ್ಡ ರೇಟಿಂಗ್ ಸಂಸ್ಥೆಗಳು ದೇಶದ ಸಾಲದ ಅರ್ಹತೆಯನ್ನು “ಎ” ವರ್ಗಕ್ಕೆ ಏರಿಸಿದ್ದವು.

ಕಾನೂನಿನ ಚೌಕಟ್ಟೂ ಪರಿಚಿತವೇ. ಬ್ರಿಟಿಷ್ ಪರಂಪರೆಯ ನ್ಯಾಯಪದ್ಧತಿ. ಅಲ್ಲಿನ ಕರಾರು ಕಾನೂನು, ಅಂದರೆ 149ನೇ ಅಧ್ಯಾಯ, 1872ರ ಭಾರತೀಯ ಕರಾರು ಅಧಿನಿಯಮವನ್ನೇ ಮಾದರಿಯಾಗಿಟ್ಟುಕೊಂಡು ಬರೆದದ್ದು. ತೊಂದರೆ ಇರುವುದು ವೇಗದಲ್ಲಿ. ಆಸ್ತಿ ದಾವೆ ವರ್ಷಗಟ್ಟಲೆ ಎಳೆಯುತ್ತದೆ. 2023ರ ಜುಲೈಯಲ್ಲಿ ಸರ್ವೋಚ್ಚ ಸಾಂವಿಧಾನಿಕ ನ್ಯಾಯಾಲಯ, ಸರ್ವೋಚ್ಚ ನ್ಯಾಯಾಲಯ, ಮೇಲ್ಮನವಿ ನ್ಯಾಯಾಲಯ ಎಂದು ಮರುವಿಂಗಡಣೆ ಮಾಡಿದ್ದು ಈ ಬಾಕಿ ಕರಗಿಸಲೆಂದೇ. ಆದ್ದರಿಂದ “ಆಮೇಲೆ ಕೋರ್ಟಿನಲ್ಲಿ ನೋಡಿಕೊಳ್ಳೋಣ” ಎಂಬ ಧೈರ್ಯದ ಮೇಲೆ ಸಹಿ ಹಾಕಬೇಡಿ.

ಸರ್ಕಾರ ಬೀಳದ ದೇಶದಲ್ಲೂ ನಿಯಮ ರಾತ್ರೋರಾತ್ರಿ ಬದಲಾಗುತ್ತದೆ. ಹೂಡಿಕೆಗೆ ಪೌರತ್ವ ಕೊಡುವ ಯೋಜನೆಯನ್ನೇ ನೋಡಿ. ಲಿಮಾಸೋಲಿನ ಗಗನಚುಂಬಿ ಕಟ್ಟಡಗಳಲ್ಲಿ ಎಷ್ಟೋ ಅದನ್ನೇ ನಂಬಿ ಎದ್ದವು. 2020ರ ಅಕ್ಟೋಬರಿನಲ್ಲಿ ರಹಸ್ಯ ಚಿತ್ರೀಕರಣದ ವರದಿಯೊಂದು ಬಂದ ಮರುದಿನವೇ ರದ್ದತಿಯ ನಿರ್ಧಾರವಾಗಿ, ನವೆಂಬರ್ 1ರಿಂದ ಯೋಜನೆ ಮುಚ್ಚಿತು. ವಿಚಾರಣಾ ಸಮಿತಿ ನೋಡಿದ 6,779 ಪೌರತ್ವಗಳಲ್ಲಿ ಶೇ 53ರಷ್ಟು ಕಾನೂನುಬಾಹಿರ ಎಂದು ಕಂಡುಬಂತು, ಕೆಲವು ವಾಪಸಾದವು. ಪಾಸ್‌ಪೋರ್ಟಿನ ಆಸೆಗೆ ಎರಡು ಪಟ್ಟು ಬೆಲೆ ಕೊಟ್ಟು ಫ್ಲ್ಯಾಟ್ ಕೊಂಡವರಿಗೆ ಅದೇ ಬೆಲೆಗೆ ಮರುಮಾರಾಟ ಮಾಡುವ ಮಾರುಕಟ್ಟೆ ಉಳಿಯಲಿಲ್ಲ. ಸ್ಥಿರಾಸ್ತಿ ತೆರಿಗೆಯೂ ಹಾಗೇ ಆಡಿದೆ: 2013ರ ಬ್ಯಾಂಕ್ ಬಿಕ್ಕಟ್ಟಿನಲ್ಲಿ ಏರಿತು, 2017ರ ಜನವರಿಯಿಂದ ಪೂರ್ತಿ ರದ್ದಾಯಿತು. ಇಂದಿನ ತೆರಿಗೆ ರಿಯಾಯಿತಿ ಅಥವಾ ವಾಸದ ಪರವಾನಗಿ ಇಲ್ಲದಿದ್ದರೂ ಈ ಬೆಲೆಗೆ ಈ ಮನೆ ಕೊಳ್ಳುತ್ತಿದ್ದೆನೇ ಎಂದು ಕೇಳಿಕೊಳ್ಳಿ.

ಈಗ ಚಾಲ್ತಿಯಲ್ಲಿರುವುದು ಶಾಶ್ವತ ವಾಸದ ಪರವಾನಗಿ. ಡೆವಲಪರಿಂದ ಮೊದಲ ಬಾರಿಗೆ ಮಾರಾಟವಾಗುವ ಹೊಸ ಮನೆ, ವ್ಯಾಟ್ ಬಿಟ್ಟು ಕನಿಷ್ಠ 3 ಲಕ್ಷ ಯೂರೋ, ಹಣ ವಿದೇಶದಿಂದಲೇ ಬಂದಿರಬೇಕು. 2023ರ ಮೇ ತಿಂಗಳಿಂದ ಆದಾಯದ ಷರತ್ತು ಬಿಗಿಯಾಗಿದೆ: ಅರ್ಜಿದಾರರಿಗೆ ವರ್ಷಕ್ಕೆ 50,000 ಯೂರೋ, ಸಂಗಾತಿಗೆ 15,000, ಪ್ರತಿ ಮಗುವಿಗೆ 10,000 ಸೇರಿಸಿ ತೋರಿಸಬೇಕು. ಎರಡು ವರ್ಷಕ್ಕೊಮ್ಮೆಯಾದರೂ ದೇಶಕ್ಕೆ ಕಾಲಿಡದಿದ್ದರೆ ಪರವಾನಗಿ ಹೋಗುತ್ತದೆ.

6. ಹಣವನ್ನು ಎಲ್ಲಿಡುತ್ತೀರಿ?

2013ರ ಮಾರ್ಚ್ 16ರ ಶನಿವಾರ ಬೆಳಿಗ್ಗೆ ಎದ್ದವರಿಗೆ ಬ್ಯಾಂಕ್ ಠೇವಣಿಗಳ ಮೇಲೆಯೇ ತೆರಿಗೆ ಎಂಬ ಸುದ್ದಿ ಕಾದಿತ್ತು. 19ರಂದು ಸಂಸತ್ತು ಅದನ್ನು ತಳ್ಳಿಹಾಕಿತು. ಬ್ಯಾಂಕುಗಳು ಮುಚ್ಚಿಯೇ ಇದ್ದವು, ತೆರೆದದ್ದು 28ಕ್ಕೆ. ಕೊನೆಗೆ ಆದ ಒಪ್ಪಂದದಲ್ಲಿ 10 ಶತಕೋಟಿ ಯೂರೋ ನೆರವಿಗೆ ಬದಲಾಗಿ ಲೈಕಿ ಬ್ಯಾಂಕ್ ಮುಚ್ಚಿತು; ಬ್ಯಾಂಕ್ ಆಫ್ ಸೈಪ್ರಸ್‌ನಲ್ಲಿ 1 ಲಕ್ಷ ಯೂರೋ ಮೀರಿದ ಠೇವಣಿಯ ಶೇ 47.5ರಷ್ಟು ಬ್ಯಾಂಕಿನ ಷೇರಾಗಿ ಬದಲಾಯಿತು.

ಒಂದು ಲೆಕ್ಕ ಹಾಕಿ. ಮನೆಯ ಕೊನೆಯ ಕಂತಿಗೆಂದು 3 ಲಕ್ಷ ಯೂರೋವನ್ನು ಆ ದಿನ ಅಲ್ಲಿ ಒಂದೇ ಖಾತೆಯಲ್ಲಿ ಇಟ್ಟಿದ್ದರೆ 1 ಲಕ್ಷ ವಿಮೆಯಡಿ ಸುರಕ್ಷಿತ. ಉಳಿದ 2 ಲಕ್ಷದಲ್ಲಿ 95,000 ಕೈಬಿಟ್ಟು ಬೆಲೆ ಕುಸಿದ ಷೇರು ಕೈಗೆ ಬರುತ್ತಿತ್ತು. ಮನೆಗೆ ಏನೂ ಆಗಿಲ್ಲ, ಕಟ್ಟಬೇಕಾದ ಕಂತಿನ ಹಣವೇ ಇಲ್ಲ. ಬಂಡವಾಳ ಹೊರಗೆ ಕಳಿಸುವ ನಿರ್ಬಂಧಗಳು ಪೂರ್ತಿ ತೆರವಾದದ್ದು 2015ರ ಏಪ್ರಿಲಿನಲ್ಲಿ.

ನಂತರ ದೇಶ ಚೇತರಿಸಿಕೊಂಡು 2016ರ ಮಾರ್ಚಿನಲ್ಲಿ ನೆರವಿನ ಕಾರ್ಯಕ್ರಮದಿಂದ ಹೊರಬಂದಿದೆ. ಆದರೂ ಅಭ್ಯಾಸ ಬಿಡಬೇಡಿ. ಒಂದು ಬ್ಯಾಂಕಿನಲ್ಲಿ 1 ಲಕ್ಷ ಯೂರೋ ಮೀರಿ ಹಣವನ್ನು ತಿಂಗಳುಗಟ್ಟಲೆ ಕೂರಿಸಬೇಡಿ. ಕಂತು ಕಟ್ಟುವ ವಾರದಲ್ಲಿ ತರಿಸಿಕೊಳ್ಳಿ. ಹಣದ ಮೂಲದ ದಾಖಲೆಗಳನ್ನು ಮೊದಲೇ ಕೊಟ್ಟಿಡಿ, ಏಕೆಂದರೆ ಬ್ಯಾಂಕುಗಳು ಈಗ ಬಹಳ ಕಟ್ಟುನಿಟ್ಟು, ತಪಾಸಣೆಗೆ ವಾರಗಳೇ ಹಿಡಿಯಬಹುದು.

7. ಒಪ್ಪಂದದಿಂದ ನೋಂದಣಿಯವರೆಗೆ, ಸರಿಯಾದ ಕ್ರಮದಲ್ಲಿ

ವಕೀಲರು ಡೆವಲಪರ್ ತೋರಿಸಿದವರಾಗಿರಬಾರದು. ಏಜೆಂಟರಿಗೆ ನೋಂದಣಿ ಸಂಖ್ಯೆ ಇರಲೇಬೇಕು, ಕೇಳಿ ಬರೆದುಕೊಳ್ಳಿ. ಸಾಮಾನ್ಯ ಅಧಿಕಾರ ಪತ್ರ ಯಾರಿಗೂ ಬೇಡ. ಇಂಥ ಪ್ಲಾಟು, ಇಂಥ ಕೆಲಸ ಎಂದು ಸೀಮಿತಗೊಳಿಸಿ ಬರೆಸಿ.

ಮುಂಗಡಕ್ಕೂ ಮೊದಲು ಭೂ ಮತ್ತು ಸರ್ವೆ ಇಲಾಖೆಯಿಂದ ಶೋಧ ಪ್ರಮಾಣಪತ್ರ ತೆಗೆಸಿ. ಅಡಮಾನ, ಜಪ್ತಿ, ಮೊದಲೇ ಜಮೆಯಾದ ಬೇರೆಯವರ ಒಪ್ಪಂದ ಎಲ್ಲ ಅದರಲ್ಲಿ ಕಾಣುತ್ತದೆ. ದಕ್ಷಿಣದಲ್ಲಿ ವಿದೇಶಿಯರು ಅತಿ ಹೆಚ್ಚು ಕೈ ಸುಟ್ಟುಕೊಂಡದ್ದು ಈ ಹಂತದಲ್ಲಿ. ಡೆವಲಪರ್ ದೊಡ್ಡ ಜಾಗವನ್ನು ಬ್ಯಾಂಕಿಗೆ ಅಡವಿಟ್ಟು ಕಟ್ಟಡ ಎಬ್ಬಿಸುತ್ತಾನೆ. ಫ್ಲ್ಯಾಟಿಗೆ ಪ್ರತ್ಯೇಕ ಹಕ್ಕುಪತ್ರ ಹುಟ್ಟುವುದು ಕಟ್ಟಡಕ್ಕೆ ಅಂತಿಮ ಅನುಮೋದನೆ ಸಿಕ್ಕು ವಿಂಗಡಣೆ ಆದ ಮೇಲೆ. ಅಷ್ಟರೊಳಗೆ ಅವನು ದಿವಾಳಿಯಾದರೆ ಬ್ಯಾಂಕಿನ ಅಡಮಾನ ಮುಂಚಿನದು, ನಿಮ್ಮ ಒಪ್ಪಂದ ಆಮೇಲಿನದು. ಹೀಗೆ ಪೂರ್ತಿ ಹಣ ಕಟ್ಟಿಯೂ ಪತ್ರವಿಲ್ಲದೆ ಸಿಕ್ಕಿಕೊಂಡವರು ಎಷ್ಟೊಂದು ಮಂದಿಯೆಂದರೆ ಅವರಿಗಾಗಿ 2015ರಲ್ಲಿ ಪ್ರತ್ಯೇಕ ಕಾನೂನನ್ನೇ ತರಬೇಕಾಯಿತು; ಬ್ಯಾಂಕುಗಳು ಅದನ್ನೂ ಕೋರ್ಟಿಗೆ ಎಳೆದವು. ಶೋಧ ಪತ್ರದಲ್ಲಿ ಅಡಮಾನ ಕಂಡರೆ, ಈ ಫ್ಲ್ಯಾಟನ್ನು ಅಡಮಾನದಿಂದ ಬಿಡುಗಡೆ ಮಾಡುತ್ತೇವೆ ಎಂಬ ಬ್ಯಾಂಕಿನ ಲಿಖಿತ ಒಪ್ಪಿಗೆ ಒಪ್ಪಂದಕ್ಕೆ ಲಗತ್ತಾಗುವವರೆಗೂ ಹಣ ಬಿಚ್ಚಬೇಡಿ.

ಸಹಿಯಾದ ಒಪ್ಪಂದವನ್ನು ಭೂದಾಖಲೆ ಕಚೇರಿಯಲ್ಲಿ ಜಮೆ ಮಾಡಿಸಲು 2011ರ ಕಾನೂನು 6 ತಿಂಗಳು ಕೊಡುತ್ತದೆ. 6 ತಿಂಗಳು ಕಾಯಬೇಡಿ, ಅದೇ ವಾರ ಮಾಡಿಸಿ. ಆದ್ಯತೆ ನಿರ್ಧಾರವಾಗುವುದು ಜಮೆಯ ತಾರೀಖಿನಿಂದ. ನಿಮ್ಮ ಸಹಿಗೂ ಜಮೆಗೂ ನಡುವೆ ಡೆವಲಪರ್ ಹೊಸ ಸಾಲ ಎತ್ತಿದರೆ ಅದು ನಿಮಗಿಂತ ಮುಂದೆ ನಿಲ್ಲುತ್ತದೆ.

ಐರೋಪ್ಯ ಪ್ರಜೆಗಳಲ್ಲದವರಿಗೆ 109ನೇ ಅಧ್ಯಾಯದ ಕಾನೂನಿನಂತೆ ಸರ್ಕಾರದ ಅನುಮತಿ ಬೇಕು; ಅರ್ಜಿ ಜಿಲ್ಲಾ ಆಡಳಿತ ಕಚೇರಿಗೆ. ಒಪ್ಪಂದದ ಪ್ರತಿ, ಪಾಸ್‌ಪೋರ್ಟ್, ಆದಾಯದ ಪುರಾವೆ, ನಕ್ಷೆ, ಅಪರಾಧ ಹಿನ್ನೆಲೆ ಇಲ್ಲವೆಂಬ ಪತ್ರ ಜೋಡಿಸಬೇಕು. ಖಾಲಿ ಜಾಗವಾದರೆ ಮಿತಿ 4,014 ಚದರ ಮೀಟರ್. ಈ ವಿಚಿತ್ರ ಅಂಕಿ ಬಂದದ್ದು ದ್ವೀಪದ ಹಳೆಯ ಅಳತೆಯಾದ ಡೋನಮ್‌ನಿಂದ: ಒಂದು ಡೋನಮ್ 1,338 ಚದರ ಮೀಟರ್, ಮೂರು ಸೇರಿದರೆ 4,014. ಅನುಮತಿಗೆ ಮುಂಚೆ ಮನೆ ವಶಕ್ಕೆ ತೆಗೆದುಕೊಳ್ಳಬಹುದು, ಆದರೆ ನಿಮ್ಮ ಹೆಸರಿಗೆ ವರ್ಗಾವಣೆ ಆಗದು. ಈ ಮಿತಿ ತಪ್ಪಿಸಲು ಕಂಪನಿ ಹೆಸರಿನಲ್ಲಿ ಕೊಳ್ಳಿ ಎಂದು ಯಾರಾದರೂ ಹೇಳಿದರೆ ಹುಷಾರು. ಆ ದಾರಿಯನ್ನು ಬಿಗಿ ಮಾಡುವ ಮಸೂದೆಗಳು ಸಂಸತ್ತಿನಲ್ಲಿ ಚರ್ಚೆಗೆ ಬಂದಿವೆ. ಸಹಿ ಹಾಕುವ ದಿನದ ನಿಯಮ ಏನೆಂದು ವಕೀಲರಿಂದ ಬರಹದಲ್ಲಿ ಪಡೆಯಿರಿ.

ವರ್ಗಾವಣೆ ಶುಲ್ಕ ಹಂತಹಂತವಾಗಿ ಏರುತ್ತದೆ: ಮೊದಲ 85,000 ಯೂರೋಗೆ ಶೇ 3, ಅಲ್ಲಿಂದ 1.7 ಲಕ್ಷದವರೆಗೆ ಶೇ 5, ಅದರ ಮೇಲೆ ಶೇ 8. ಒಟ್ಟಿನಲ್ಲಿ ಅರ್ಧ ರಿಯಾಯಿತಿ. ವ್ಯಾಟ್ ಕಟ್ಟಿದ ಹೊಸ ಮನೆಗೆ ಶುಲ್ಕವೇ ಇಲ್ಲ. 2.5 ಲಕ್ಷದ ಹಳೆಯ ಮನೆ ಒಬ್ಬರ ಹೆಸರಿಗಾದರೆ 2,550, 4,250, 6,400 ಸೇರಿ 13,200, ಅರ್ಧ 6,600 ಯೂರೋ. ಗಂಡ ಹೆಂಡತಿ ಸಮಪಾಲಿನಲ್ಲಿ ಕೊಂಡರೆ ಹಂತಗಳು ಇಬ್ಬರಿಗೂ ಪ್ರತ್ಯೇಕ. ಅದೇ ಶುಲ್ಕ 4,550ಕ್ಕೆ ಇಳಿಯುತ್ತದೆ. ಹೊಸ ಮನೆಯ ವ್ಯಾಟ್ ಶೇ 19. ಸ್ವಂತ ವಾಸದ ಮನೆಯ ಮೊದಲ 130 ಚದರ ಮೀಟರಿಗೆ ಶೇ 5ರ ದರ ಸಿಗಬಹುದು, ಆದರೆ ಮನೆಯ ಬೆಲೆ ಮತ್ತು ಒಟ್ಟು ವಿಸ್ತೀರ್ಣಕ್ಕೆ 2023ರಿಂದ ಮಿತಿಯಿದೆ.

ಹಳೆಯ ಮನೆ ಕೊಳ್ಳುವಾಗ ಪರವಾನಗಿಯಿಲ್ಲದ ಸೇರ್ಪಡೆಗಳನ್ನು ನೋಡಿ. ಮುಚ್ಚಿದ ಬಾಲ್ಕನಿ, ತಾರಸಿಯ ಮೇಲಿನ ಕೋಣೆ, ನಕ್ಷೆಯಲ್ಲಿಲ್ಲದ ಈಜುಕೊಳ, ಇಂಥವು ಅಂತಿಮ ಅನುಮೋದನೆಯನ್ನು ತಡೆಯುತ್ತವೆ. ಅನುಮೋದನೆ ಇಲ್ಲದಿದ್ದರೆ ಪ್ರತ್ಯೇಕ ಪತ್ರವೂ ಇಲ್ಲ. 2024ರ ಜುಲೈ 1ರ ಸ್ಥಳೀಯಾಡಳಿತ ಸುಧಾರಣೆಯ ನಂತರ ಕಟ್ಟಡ ಪರವಾನಗಿ ಕೊಡುವುದು ಐದು ಹೊಸ ಜಿಲ್ಲಾ ಸಂಸ್ಥೆಗಳು. ಹಳೆಯ ಪುರಸಭೆಯ ಕಡತ ಹೊಸ ಸಂಸ್ಥೆಗೆ ಬಂದಿದೆಯೇ ವಿಚಾರಿಸಿ.

8. ಕೊಂಡ ಮೇಲೆ ಯಾವ ಸುದ್ದಿ ಗಮನಿಸಬೇಕು

2017ರ ಜುಲೈಯಲ್ಲಿ ಸ್ವಿಟ್ಜರ್ಲೆಂಡಿನ ಕ್ರಾನ್ ಮೊಂಟಾನಾದಲ್ಲಿ ಮಾತುಕತೆ ಮುರಿದುಬಿದ್ದ ಮೇಲೆ ದೊಡ್ಡ ಸಂಧಾನ ನಡೆದಿಲ್ಲ. 2020ರ ಅಕ್ಟೋಬರಿನಲ್ಲಿ, ಬೇಲಿ ಹಾಕಿ ಮುಚ್ಚಿದ್ದ, ಫಾಮಗುಸ್ಟಾದ ಬಡಾವಣೆ ವರೋಶಾದ ಒಂದು ಭಾಗವನ್ನು ಉತ್ತರದ ಆಡಳಿತ ತೆರೆದದ್ದು ಬಿಕ್ಕಟ್ಟು ಹೆಚ್ಚಿಸಿತು. 2025ರ ಅಕ್ಟೋಬರಿನಲ್ಲಿ ಉತ್ತರದವರು, ಎರಡೂ ಭಾಗ ಸೇರಿದ ಸಂಯುಕ್ತ (ಫೆಡರಲ್) ದೇಶದ ಪರಿಹಾರಕ್ಕೆ ಒಲವಿರುವ ತುಫಾನ್ ಎರ್ಹುರ್ಮಾನ್ ಅವರನ್ನು ನಾಯಕರನ್ನಾಗಿ ಆರಿಸಿದರು.

ಸಂಧಾನ ಮತ್ತೆ ಶುರುವಾದರೆ ಪ್ರದೇಶ ಹೊಂದಾಣಿಕೆಯ ನಕ್ಷೆಯನ್ನು ಹುಡುಕಿ ನೋಡಿ. ಅನ್ನಾನ್ ಯೋಜನೆಯಲ್ಲಿ ಮೋರ್ಫು ಮತ್ತು ವರೋಶಾ ಗ್ರೀಕ್ ಸೈಪ್ರಿಯಟ್ ಆಡಳಿತಕ್ಕೆ ಮರಳುವುದಿತ್ತು. ಮುಂದಿನ ಯಾವ ಒಪ್ಪಂದದಲ್ಲೂ ಆ ಎರಡು ಹೆಸರು ಬರುವ ಸಂಭವ ಹೆಚ್ಚು. ದಕ್ಷಿಣದಲ್ಲಿ ಪಕ್ಕಾ ಪತ್ರವಿರುವ ಮನೆಗೆ ಒಪ್ಪಂದದಿಂದ ಲಾಭವೇ ಆಗಬಹುದು. ಪಾಲಕರ ವಶದ ಜಾಗಕ್ಕೆ ಅಂಟಿಕೊಂಡ ಮನೆಯಾದರೆ, ಆ ಜಾಗದ ಮಾಲೀಕರು ಮರಳಿ ಬಂದಾಗ ದಾರಿಯ ಹಕ್ಕು, ಗಡಿಗಳ ಪ್ರಶ್ನೆ ಏಳಬಹುದು. ಕೊಳ್ಳುವಾಗಲೇ ನಿಮ್ಮ ಪ್ಲಾಟಿನ ನಾಲ್ಕೂ ದಿಕ್ಕಿನ ಪ್ಲಾಟುಗಳ ಮಾಲೀಕತ್ವವನ್ನು ವಕೀಲರಿಂದ ಪಟ್ಟಿ ಮಾಡಿಸಿ, ಮನೆಗೆ ಹೋಗುವ ರಸ್ತೆ ಸರ್ಕಾರಿ ನಕ್ಷೆಯಲ್ಲಿ ಸಾರ್ವಜನಿಕ ದಾರಿಯೆಂದು ನೋಂದಣಿಯಾಗಿದೆಯೇ ನೋಡಿ, ಆ ಪ್ರತಿಯನ್ನು ಹಕ್ಕುಪತ್ರದ ಜೊತೆಗೇ ಇಟ್ಟುಕೊಳ್ಳಿ.